ಘಟ್ಟದ ಸಿದ್ದಿಗಳು: ಅವರ ಮೂಲವೂ ನಮ್ಮ ಋಣವೂ

(ಸಾಗರದಲ್ಲಿ ನೆರೆದ ಉಪಾಧ್ಯಾಯರ ಹಾಗೂ ಪೌರರ ಸಭೆಯಲ್ಲಿ ಮಾಡಿದ ಭಾಷಣ)



ಸಿದ್ದಿಗಳೆಂಬ ಜನರು ಯಾರು, ಎಲ್ಲಿಂದ ಬಂದರು, ಅವರನ್ನು ನಾವು ಯಾರೆಂದು ಎಣಿಸಬೇಕು ಎಂಬ ವಿಷಯದ ಮೇಲೆ ನಾಲ್ಕು ಮಾತನಾಡಬೇಕೆಂದು ತಾವು ಅಪ್ಪಣೆ ಮಾಡಿರುವಿರಿ. ನಾವು ಇತಿಹಾಸ ಪಂಡಿತರಲ್ಲ. ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು ಕಾಲಕಳೆಯುವ ವಕೀಲರು. ಆದರೂ ಈ ಅಪ್ಪಣೆಯನ್ನು ಒಪ್ಪಿಕೊಂಡುದಕ್ಕೆ ಕಾರಣವುಂಟು. ನಾವು ಈ ವಿಷಯವನ್ನು ಹುಡುಕಿಕೊಂಡು ಹೋದವರಲ್ಲ. ವಿಷಯವೇ ನಮ್ಮ ಮನೆಯ ಬಾಗಿಲಿಗೆ ನಡೆದುಬಂದಿತು.

ಒಂದು ಪ್ರಾತಃಕಾಲ ಒಬ್ಬ ತರುಣನು ತನ್ನ ತಂದೆಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದನು. ಗುಂಗುರು ಕೂದಲು, ಕಪ್ಪು ಮೈಬಣ್ಣ, ನೀಳವಾದ ಕೈಕಾಲು. ಕಾಲೇಜು ಸೇರುವುದಕ್ಕೆ ಅವನಿಗೊಂದು ಜಾತಿಯ ದಾಖಲೆ ಬೇಕಾಗಿತ್ತು. ಅದಕ್ಕಾಗಿ ಒಂದು ಕಛೇರಿಗೆ ಹೋಗಿದ್ದನಂತೆ. ಅಲ್ಲಿದ್ದ ಗುಮಾಸ್ತರು ಅವನ ಮುಖವನ್ನು ನೋಡಿದವರೇ, ಕೈಯಲ್ಲಿದ್ದ ಅರ್ಜಿಯನ್ನು ನೋಡದೆ, "ತಾವು ಯಾವ ದೇಶದವರು?" ಎಂದು ಇಂಗ್ಲಿಷಿನಲ್ಲಿ ಕೇಳಿದರಂತೆ. ಹುಡುಗನು, "ಸ್ವಾಮಿ, ನಾನು ಬರೆದ ಅರ್ಜಿ ಕನ್ನಡದಲ್ಲಿದೆ, ಓದಿ ನೋಡಿರಿ," ಎಂದನಂತೆ. ಇದನ್ನು ಹೇಳುವಾಗ ಅವನು ನಗುತ್ತಿದ್ದನು. ಅವನ ತಂದೆ ನಗಲಿಲ್ಲ. ಆ ಮುದುಕನು ಜಗಲಿಯ ಮೇಲೆ ಕುಳಿತುಕೊಳ್ಳಲು ಒಪ್ಪದೆ ಅಂಗಳದಲ್ಲಿಯೇ ನಿಂತಿದ್ದನು. ನಾವು ಮೂರು ಸಲ ಕರೆದ ಮೇಲೆ ಮೇಲೆ ಬಂದು ಕಂಬಕ್ಕೆ ಒರಗಿ ಕುಳಿತನು. ಈ ಎರಡು ಚಿತ್ರಗಳು ನಮ್ಮ ಮನಸ್ಸಿನಿಂದ ಇನ್ನೂ ಅಳಿದಿಲ್ಲ. ಮಗನನ್ನು ಪರದೇಶಿಯೆಂದು ತಿಳಿದರು. ತಂದೆಯು ತನ್ನನ್ನು ತಾನೇ ಆಳೆಂದು ತಿಳಿದುಕೊಂಡಿದ್ದನು. ಈ ಎರಡರ ನಡುವೆ ಐದು ನೂರು ವರುಷಗಳ ಕಥೆಯಿದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸೋಣ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಯಲ್ಲಿ ಹಸಲರೆಂಬ ಜನರಿರುವುದು ತಮಗೆಲ್ಲ ಗೊತ್ತಿದೆ. ಅವರೂ ಕಾಡಿನ ಅಂಚಿನವರು, ತೋಟದಲ್ಲಿ ದುಡಿಯುವವರು. ಅವರಲ್ಲಿ ಕೆಲವರ ಕೂದಲು ಗುಂಗುರಾಗಿರುವುದೂ ಉಂಟು. ಇಷ್ಟರಿಂದಲೇ ಹಸಲರೂ ಸಿದ್ದಿಗಳೂ ಒಂದೇ ಎಂದು ಓದಿದವರೂ ಹೇಳುವುದನ್ನು ನಾವು ಕೇಳಿದ್ದೇವೆ. ಇದು ಸರಿಯಲ್ಲ. ಹಸಲರು ಈ ಮಲೆನಾಡಿನ ಹಳೆಯ ಜನ, ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ತಮ್ಮದೇ ಹೆಸರಿನಿಂದ ಸೇರಿರುವವರು. ಸಿದ್ದಿಗಳಾದರೋ ಸಮುದ್ರವನ್ನು ದಾಟಿ ಬಂದವರ ಸಂತತಿ. ಅವರ ಮುಖ್ಯ ನೆಲೆ ನಮ್ಮ ಉತ್ತರಕ್ಕಿರುವ ಉತ್ತರ ಕನ್ನಡ ಜಿಲ್ಲೆ: ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆ, ಶಿರಸಿ, ಜೋಯಿಡಾ ತಾಲೂಕುಗಳು. ಅಲ್ಲಿಂದ ಅಂಚು ದಾಟಿ ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿಯೂ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿಯೂ ಅವರ ಹಳ್ಳಿಗಳಿವೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಿದ್ದಿಗಳ ಸಂಖ್ಯೆ 10 ಸಾವಿರಕ್ಕೆ ತುಸು ಹೆಚ್ಚು. ಒಂದು ಸಾಧಾರಣ ಪೇಟೆಯ ಜನಸಂಖ್ಯೆಯೂ ಆಗದು.

ಇನ್ನು ಹೆಸರಿನ ವಿಚಾರ. ನಮ್ಮ ಪರಿಚಯದ ಶಾಸ್ತ್ರಿಗಳೊಬ್ಬರು ಸಿದ್ದಿ ಎಂಬುದು ಸಂಸ್ಕೃತದ ಸಿದ್ಧ ಶಬ್ದದಿಂದ ಬಂದಿತೆಂದು ಬಹು ಉತ್ಸಾಹದಿಂದ ಸಾಧಿಸುತ್ತಾರೆ. ಅವರ ಪಾಂಡಿತ್ಯಕ್ಕೆ ನಮ್ಮ ನಮಸ್ಕಾರ. ಆದರೆ ಸಾಕ್ಷ್ಯವು ಅವರ ಕಡೆಗಿಲ್ಲ. ಅರಬ್ಬಿಯಲ್ಲಿ ಒಡೆಯನೆಂಬ ಅರ್ಥದ ಸೈಯದಿ ಎಂಬ ಮರ್ಯಾದೆಯ ಶಬ್ದವುಂಟು. ದಖ್ಖಣದ ಹಾಗೂ ಗುಜರಾಥದ ದರಬಾರುಗಳಲ್ಲಿ ಪದವಿಗೇರಿದ ಆಫ್ರಿಕದ ಸರದಾರರ ಹೆಸರಿನ ಹಿಂದೆ ಅದು ಸೀದಿ, ಸಿದ್ದಿ ಎಂದಾಗಿ ಅಂಟಿಕೊಂಡಿತೆಂದು ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಅಬಿಸೀನಿಯವನ್ನು ಅರಬರು ಹಬಶ್ ಎಂದು ಕರೆಯುತ್ತಿದ್ದುದರಿಂದ ಹಬಸಿ ಎಂಬ ಇನ್ನೊಂದು ಹೆಸರೂ ಬಂದಿತು. ಗೋವೆಯ ಕಡೆಯಲ್ಲಿ ಖಾಪ್ರಿ ಎಂಬುದು ಮೂರನೆಯದು. ಅದು ಅರಬ್ಬಿಯ ಕಾಫಿರ್ ಶಬ್ದವು ಪೋರ್ತುಗೀಜರ ಬಾಯಲ್ಲಿ ತಿರುಗಿ ನಮ್ಮ ಕರಾವಳಿಗೆ ಮರಳಿದ ರೂಪ. ಒಂದೇ ಜನಕ್ಕೆ ಒಡೆಯನೆಂದೂ ಹೆಸರು, ಅವಿಶ್ವಾಸಿಯೆಂದೂ ಹೆಸರು! ಮೂರೂ ಇತರರು ಇಟ್ಟವು. ಅವರು ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಿದ್ದರೋ ಆ ಹೆಸರು ಹಡಗಿನಲ್ಲಿಯೇ ಮುಳುಗಿಹೋಯಿತು.

ಆಫ್ರಿಕಕ್ಕೂ ನಮ್ಮ ಕರೆಗೂ ಸಂಬಂಧವು ಪೋರ್ತುಗೀಜರಿಂದ ಆರಂಭವಾದುದಲ್ಲ. 1342ರ ಸುಮಾರಿಗೆ ಇಬ್ನ್ ಬತೂತನೆಂಬ ಪ್ರವಾಸಿಯು ಗುಜರಾಥದಿಂದ ಹಡಗನ್ನೇರಿ ಗೋವೆಯ ಮಾರ್ಗವಾಗಿ ನಮ್ಮ ಶರಾವತಿಯ ಮುಖದಲ್ಲಿರುವ ಹೊನ್ನಾವರಕ್ಕೆ ಬಂದನು. ಅವನಿದ್ದ ನೌಕೆಯಲ್ಲಿ ಐವತ್ತು ಮಂದಿ ಅಬಿಸೀನಿಯದ ಯೋಧರಿದ್ದರು. ಈ ಸಮುದ್ರದಲ್ಲಿ ಹಡಗಿನ ರಕ್ಷಣೆಗೆ ಅವರೇ ಆಧಾರವೆಂದೂ, ಒಬ್ಬ ಹಬಸಿಯಿದ್ದರೂ ಕಡಲುಗಳ್ಳರು ಹತ್ತಿರ ಸುಳಿಯರೆಂದೂ ಅವನು ಬರೆದಿಟ್ಟಿದ್ದಾನೆ. ಜೋಗದಲ್ಲಿ ಧುಮುಕುವ ನೀರು ಎಲ್ಲಿ ಕಡಲನ್ನು ಸೇರುವುದೋ ಆ ಅಳಿವೆಯನ್ನು ಆಫ್ರಿಕದ ಮನುಷ್ಯರು ಆರುನೂರೈವತ್ತು ವರುಷಗಳ ಹಿಂದೆಯೇ ಕಂಡಿದ್ದರು.

ದಖ್ಖಣದ ಒಳನಾಡಿನಲ್ಲಿ ಅವರ ಪ್ರತಾಪವು ಇನ್ನೂ ದೊಡ್ಡದು. ಬೀದರದಲ್ಲಿ ಹಬಸಿ ಕೋಟೆಯೆಂಬ ದಿಣ್ಣೆಯ ಮೇಲೆ ಅಬಿಸೀನಿಯದ ಸರದಾರರ ಗೋರಿಗಳು ಇಂದಿಗೂ ನಿಂತಿವೆ. ವಿಜಾಪುರದಲ್ಲಿ ದಿಲಾವರಖಾನನು, ಇಖ್ಲಾಸಖಾನನು ರಾಜ್ಯಸೂತ್ರಗಳನ್ನು ನಡೆಯಿಸಿದರು. 1660ರಲ್ಲಿ ಪನ್ಹಾಳ ದುರ್ಗದಲ್ಲಿ ಶಿವಾಜಿ ಮಹಾರಾಜರನ್ನು ಮುತ್ತಿದ ಸೇನಾಪತಿಯು ಸಿದ್ದಿ ಜೌಹರನು. ಎಲ್ಲರಿಗಿಂತಲೂ ಮಿಗಿಲಾದವನು ಮಲಿಕ್ ಅಂಬರನು. ಇಥಿಯೋಪಿಯದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮಾರಲ್ಪಟ್ಟು, ಪೇಟೆಯಿಂದ ಪೇಟೆಗೆ ಕೈಬದಲಾಗಿ, ಕೊನೆಗೆ ಅಹಮದನಗರದ ಮಂತ್ರಿಯ ಗುಲಾಮನಾಗಿ ದಖ್ಖಣಕ್ಕೆ ಬಂದವನು ಆ ರಾಜ್ಯದ ಕರ್ಣಧಾರನೇ ಆದನು. 1626ರಲ್ಲಿ ತೀರಿಕೊಳ್ಳುವ ವರೆಗೂ ಮೊಗಲ ದಂಡನ್ನು ನಿದ್ರಿಸಗೊಡಲಿಲ್ಲ. ಅವನು ಕಟ್ಟಿದ ಖಿಡಕಿ ಎಂಬ ಊರೇ ಮುಂದೆ ಔರಂಗಾಬಾದವಾಯಿತು.

ಈ ಕಥೆಗಳನ್ನು ಕೇಳಿದಾಗ ಮೈ ನವಿರೇಳುವುದು ಸಹಜ. ಯಲ್ಲಾಪುರದ ಕಾಡಿನ ಸಿದ್ದಿಗಳು ಈ ವೀರರ ಮಕ್ಕಳೆಂದು ಹೇಳಿಬಿಟ್ಟರೆ ಭಾಷಣವು ಚೆನ್ನಾಗಿ ರಂಗೇರುವುದು. ಆದರೆ ನಾವು ಹಾಗೆ ಹೇಳಲಾರೆವು. ವಿಜಾಪುರದ ಪತನವಾದ ಮೇಲೆ (1686) ಚದರಿದ ಕೆಲವು ಹಬಸಿ ಕುಟುಂಬಗಳು ಹಳಿಯಾಳದ ಕಡೆಗೆ ಬಂದು ನೆಲಸಿರಬಹುದು. ಅಲ್ಲಿಯ ಮುಸಲ್ಮಾನ ಸಿದ್ದಿಗಳ ವಿಷಯದಲ್ಲಿ ಹೀಗೆ ಊಹಿಸುವವರುಂಟು. ಆದರೆ ಬಹುಸಂಖ್ಯಾತರ ಹೆಜ್ಜೆಗುರುತು ವಿಜಾಪುರದ ಕಡೆಗೆ ಹೋಗುವುದಿಲ್ಲ. ಅದು ಪಶ್ಚಿಮಕ್ಕೆ, ಗೋವೆಯ ಕಡೆಗೆ ಹೋಗುತ್ತದೆ. ಒಂದು ಜನಕ್ಕೆ ಗೌರವ ಕೊಡಬೇಕಾದರೆ ಅದಕ್ಕೆ ಅರಸರ ವಂಶಾವಳಿಯನ್ನೇ ಕಟ್ಟಬೇಕೆಂಬುದು ನಮ್ಮ ದೇಶದ ಹಳೆಯ ರೋಗ.

ಪೋರ್ತುಗೀಜರು ಗೋವೆಯನ್ನು ಹಿಡಿದುದು 1510ರಲ್ಲಿ. ಅವರಿಗೆ ಆಫ್ರಿಕದ ಪೂರ್ವ ಕರೆಯಲ್ಲಿ ಮೊಜಾಂಬಿಕವೆಂಬ ನೆಲೆಯಿತ್ತು. ಲಿಸ್ಬನ್ನಿನಿಂದ ಬರುವ ಹಡಗುಗಳು ಅಲ್ಲಿ ತಂಗಿ ಮುಂದುವರಿಯುತ್ತಿದ್ದವು. ಹೀಗೆ ಮುಂದುವರಿಯುವಾಗ ದಂತ, ಬಂಗಾರಗಳ ಜೊತೆಗೆ ಮನುಷ್ಯರನ್ನೂ ತುಂಬಿಕೊಂಡು ಬಂದವು. ಗೋವೆಯ ಮನೆಗೆಲಸಕ್ಕೆ, ಪಲ್ಲಕ್ಕಿ ಹೊರುವುದಕ್ಕೆ, ಛತ್ರಿ ಹಿಡಿಯುವುದಕ್ಕೆ, ಬಂದರಿನ ಹೊರೆಗೆ, ದಂಡಿಗೆ, ಎಲ್ಲಕ್ಕೂ ಗುಲಾಮರೇ. ಮನೆಯಲ್ಲಿ ಎಷ್ಟು ಮಂದಿ ಗುಲಾಮರಿರುವರೆಂಬುದರ ಮೇಲೆ ಒಡೆಯನ ಅಂತಸ್ತನ್ನು ಅಳೆಯುತ್ತಿದ್ದರು.

ಇಲ್ಲಿ ನಮ್ಮ ಊರಿಗೇ ಸಂಬಂಧಪಟ್ಟ ಒಂದು ಸಂಗತಿಯಿದೆ. 1623ರಲ್ಲಿ ಗೋವೆಯ ವೈಸರಾಯನ ರಾಯಭಾರವೊಂದು ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದಿತು. ಅದರ ಸಂಗಡ ಪಿಯೆತ್ರೊ ಡೆಲ್ಲಾ ವಾಲ್ಲೆ ಎಂಬ ಇಟಲಿಯ ಗೃಹಸ್ಥನು ಘಟ್ಟವನ್ನು ಹತ್ತಿ, ಇಲ್ಲಿಂದ ಕೂಗಳತೆಯಲ್ಲಿರುವ ಇಕ್ಕೇರಿಗೆ ಬಂದು ಕೆಲದಿನ ಉಳಿದುಕೊಂಡಿದ್ದನು. ಅವನು ಇಕ್ಕೇರಿಯ ಬೀದಿ, ದೇವಾಲಯ, ಕುಣಿತ, ಮೆರವಣಿಗೆಗಳನ್ನು ವರ್ಣಿಸಿದ್ದನ್ನು ನಾವು ಅಭಿಮಾನದಿಂದ ಓದುತ್ತೇವೆ. ಶಾಲೆಯಲ್ಲಿ ಮಕ್ಕಳಿಗೂ ಹೇಳುತ್ತೇವೆ. ಅದೇ ಮನುಷ್ಯನು ಅದೇ ಪತ್ರಗಳಲ್ಲಿ, ಗೋವೆಯ ಜನರಲ್ಲಿ ಬಹುಭಾಗ ಗುಲಾಮರೇ ಎಂದೂ, ಅವರು ಕಪ್ಪು ಜನರೆಂದೂ ಬರೆದಿದ್ದಾನೆ. ಆ ಸಾಲನ್ನು ನಾವು ಹೇಳುವುದಿಲ್ಲ. ನ್ಯಾಯವಾಗಿ ಹೇಳಬೇಕಾದರೆ ಆ ಗುಲಾಮರೆಲ್ಲ ಆಫ್ರಿಕದವರಲ್ಲ. ನಮ್ಮ ದೇಶದ ಬಡವರೂ, ಬಂಗಾಳದಿಂದ ಹಿಡಿದು ತಂದವರೂ, ಇನ್ನೂ ಮೂಡಣ ದೇಶಗಳವರೂ ಇದ್ದರು. ಆದರೆ ಮೊಜಾಂಬಿಕದಿಂದ ಬಂದವರ ಸಾಲು ಮೂರು ಶತಮಾನಗಳ ವರೆಗೂ ಕಡಿಯಲಿಲ್ಲ.

ಗುಲಾಮನಿಗೆ ಓಡಿಹೋಗಬೇಕೆಂಬ ಆಸೆ ಹುಟ್ಟಿದರೆ ಗೋವೆಯಿಂದ ಎತ್ತ ಓಡಬೇಕು? ಪಡುವಣಕ್ಕೆ ಕಡಲು, ಅದು ಅವನನ್ನು ತಂದ ದಾರಿ. ಮೂಡಣಕ್ಕೆ ಘಟ್ಟ. ಘಟ್ಟವನ್ನು ಹತ್ತಿದರೆ ಸೂಪೆ, ಹಳಿಯಾಳ, ಯಲ್ಲಾಪುರಗಳ ದಟ್ಟಡವಿ. ಆಗ ಅದು ಸೋದೆಯ ಅರಸರ ಸೀಮೆ. ಪೋರ್ತುಗೀಜರ ಕೈ ಅಲ್ಲಿಗೆ ಸುಲಭವಾಗಿ ನಿಲುಕುತ್ತಿರಲಿಲ್ಲ. ಅಲ್ಲದೆ ಹಗಲು ಬಚ್ಚಿಟ್ಟುಕೊಳ್ಳಲು ಮರವುಂಟು, ಜೇನುಂಟು, ಗೆಡ್ಡೆಯುಂಟು. ಒಬ್ಬಿಬ್ಬರಾಗಿ, ಗಂಡುಹೆಣ್ಣಾಗಿ, ಕೆಲವೊಮ್ಮೆ ಗುಂಪಾಗಿ ಹತ್ತಿದವರು ಅಲ್ಲಲ್ಲಿ ಬೀಡುಬಿಟ್ಟರು. ಮುಂದೆ ಕಾಯಿದೆಯೂ ಬದಲಾಯಿತು. ಕಂಪನಿ ಸರಕಾರವು 1843ರ ಐದನೆಯ ಆಕ್ಟಿನಿಂದ ತನ್ನ ಸೀಮೆಯ ನ್ಯಾಯಾಲಯಗಳು ಗುಲಾಮಗಿರಿಯ ಹಕ್ಕನ್ನು ಮನ್ನಿಸಬಾರದೆಂದು ವಿಧಿಸಿತು. ಪೋರ್ತುಗಲ್ಲು 1869ರಲ್ಲಿ ತನ್ನ ರಾಜ್ಯದಲ್ಲೆಲ್ಲ ಆ ಪದ್ಧತಿಯನ್ನು ಎತ್ತಿಹಾಕಿತು. ಈ ಎರಡು ತಾರೀಖುಗಳ ನಡುವೆ ಇಪ್ಪತ್ತಾರು ವರುಷ. ಗಡಿಯ ಈಚೆಗೆ ಮನುಷ್ಯನು ಸ್ವತಂತ್ರ, ಆಚೆಗೆ ಸ್ವತ್ತು! ಕಾಳಿನದಿಯ ಮೇಲ್ಮಗ್ಗುಲಿನ ಕಾಡುಗಳ ಬೆಲೆ ಓಡಿಬರುವವನಿಗೆ ಎಷ್ಟಾಗಿತ್ತೆಂಬುದನ್ನು ತಾವೇ ಊಹಿಸಿರಿ.

ಇದೆಲ್ಲ ಕಟ್ಟುಕಥೆಯಲ್ಲವೆಂಬುದಕ್ಕೆ ಪ್ರಮಾಣವೇನೆಂದು ತಾವು ಕೇಳಬಹುದು, ಕೇಳಲೇಬೇಕು. ಮೊದಲನೆಯದು ಮಾತು. ನಮ್ಮ ಸಿದ್ದಿಗಳಲ್ಲಿ ಬಹುಮಂದಿಯ ಮನೆಮಾತು ಕೊಂಕಣಿಯ ಒಂದು ಬಗೆ, ಕನ್ನಡ ಮರಾಠಿಗಳು ಬೆರೆತದ್ದು. ಕನ್ನಡ ಸೀಮೆಯ ಕಾಡಿನಲ್ಲಿದ್ದವರಿಗೆ ಕೊಂಕಣಿ ಎಲ್ಲಿಂದ ಬಂದಿತು? ಗೋವೆಯಿಂದಲ್ಲದೆ ಬೇರೆಲ್ಲಿಂದಲೂ ಅಲ್ಲ. ಎರಡನೆಯದು ಹೆಸರು. ಕ್ರೈಸ್ತ ಸಿದ್ದಿಗಳಲ್ಲಿ ಜುಜೆ ಎಂಬ ಹೆಸರು ಸಾಮಾನ್ಯ. ಅದು ಪೋರ್ತುಗೀಜರ ಜೋಸೆ. ಮೂರನೆಯದು ಈಚಿನ ವಿಜ್ಞಾನ. ಹೈದರಾಬಾದಿನ ಸಿ.ಸಿ.ಎಂ.ಬಿ. ಎಂಬ ಸಂಶೋಧನಾಲಯದ ವಿದ್ವಾಂಸರು ಗುಜರಾಥದ ಹಾಗೂ ಕರ್ನಾಟಕದ ಸಿದ್ದಿಗಳ ರಕ್ತವನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅದರ ಪ್ರಕಾರ ಸಿದ್ದಿಗಳ ವಂಶದ ಹೆಚ್ಚಿನ ಪಾಲು ಆಫ್ರಿಕದ್ದು. ಅದರಲ್ಲಿಯೂ ಬಾಂಟು ಭಾಷೆಗಳನ್ನಾಡುವ ಜನರಿಗೆ ಸಮೀಪವಾದುದು. ಉಳಿದುದು ಭಾರತದ್ದು, ತುಸು ಯುರೋಪದ್ದೂ ಇದ್ದೀತು. ನೆರೆಹೊರೆಯವರೊಡನೆ ಬೆರೆತುದು ಸುಮಾರು ಇನ್ನೂರು ವರುಷಗಳ ಈಚೆಗೆ. ಮೊಜಾಂಬಿಕವು ಬಾಂಟು ಜನರ ನಾಡು, ಅಬಿಸೀನಿಯವಲ್ಲ. ಹೀಗಾಗಿ ಹಬಸಿ ಎಂಬ ಹೆಸರು ಇವರಿಗೆ ಒಪ್ಪುವುದಿಲ್ಲ. ಮಾತು, ಹೆಸರು, ರಕ್ತ ಮೂರೂ ಒಂದೇ ದಾರಿಯನ್ನು ತೋರಿಸುವಾಗ ಯಾವ ನ್ಯಾಯಾಧೀಶನೂ ಬೇರೆ ತೀರ್ಪು ಕೊಡಲಾರನು.

ಈಗ ಅವರ ಜೀವನದ ಕಡೆಗೆ ನೋಡೋಣ. ಸಿದ್ದಿಗಳಲ್ಲಿ ಹಿಂದುಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಯಲ್ಲಾಪುರ ಅಂಕೋಲೆಗಳಲ್ಲಿ ಹಿಂದುಗಳು ಹೆಚ್ಚು. ಹಳಿಯಾಳದ ಕಡೆ ಕ್ರೈಸ್ತರೂ ಮುಸಲ್ಮಾನರೂ ಹೆಚ್ಚು. ಒಡೆಯನ ಮತ ಯಾವುದೋ ಆಳಿನ ಮತವೂ ಅದೇ ಆಯಿತೆಂದು ಕೆಲವರು ವಿವರಿಸುತ್ತಾರೆ. ಅದರಲ್ಲಿ ಬಹಳ ಸತ್ಯವಿದೆ. ಆದರೆ ಮೂರು ಮತದವರಿಗೂ ಸಮಾನವಾದ ಒಂದು ಆಚಾರವುಂಟು. ಅದು ಹಿರಿಯರ ಪೂಜೆ. ತೀರಿಹೋದ ಅಜ್ಜ ಅಜ್ಜಿಯರನ್ನು ಮನೆಯೊಳಗೆ ಒಂದು ಮೂಲೆಯಲ್ಲಿ ನೆಲೆಗೊಳಿಸಿ, ಕಾಯಿ ಒಡೆದು, ಎಡೆಯಿಟ್ಟು, ಕಷ್ಟಸುಖಗಳನ್ನು ಅವರಲ್ಲಿ ನಿವೇದಿಸುವುದು. ಹಡಗು ಹತ್ತಿದಾಗ ದೇವರುಗಳನ್ನು ಬಿಟ್ಟುಬಂದಿರಬಹುದು, ಹಿರಿಯರನ್ನು ಬಿಡಲಾಗಲಿಲ್ಲ.

ಅವರ ಡಮಾಮಿ ಎಂಬ ಕುಣಿತವನ್ನು ನೋಡಿದವರು ಅದನ್ನು ಮರೆಯರು. ಮರವನ್ನು ಕೊರೆದು ಎರಡೂ ಬಾಯಿಗೆ ತೊಗಲು ಬಿಗಿದ ವಾದ್ಯ. ಅದನ್ನು ನೆಲದಲ್ಲಿ ಮಲಗಿಸಿ ಅದರ ಮೇಲೆ ಕುಳಿತು ಬಾರಿಸುತ್ತಾರೆ. ಹೆಂಗಸರು ಹಾಡುತ್ತ ಸುತ್ತುತ್ತಾರೆ. ಹಾಡಿನ ಮಾತು ಕೊಂಕಣಿ, ಕನ್ನಡ. ತಾಳ ಮಾತ್ರ ಬೇರೆಲ್ಲಿಯದೋ. ಹೆಂಗಸರದೇ ಆದ ಇನ್ನೊಂದು ಕಲೆ ಕೌದಿ. ಹಳೆಯ ಸೀರೆ, ಅಂಗಿ, ಧೋತರದ ತುಂಡುಗಳನ್ನು ಅಂಚಿನಿಂದ ನಡುವಿಗೆ ಸುತ್ತುತ್ತ ಹೊಲಿದು, ಕೊನೆಗೆ ನಾಲ್ಕು ಮೂಲೆಗೂ ಸಣ್ಣ ಮಡಿಕೆಯ ಬಟ್ಟೆಯ ಹೂವನ್ನಿಟ್ಟು ಮುಗಿಸುತ್ತಾರೆ. ಹೂವಿಲ್ಲದ ಕೌದಿಯನ್ನು ಬೆತ್ತಲೆಯೆಂದು ಎಣಿಸುವರಂತೆ. ಅಮೇರಿಕದ ಪ್ರದರ್ಶನಾಲಯದವರು ಬಂದು ಈ ಕೌದಿಗಳನ್ನು ಹೊಗಳಿದ ಮೇಲೆ ನಮ್ಮವರ ಕಣ್ಣಿಗೂ ಅವು ಬಿದ್ದವು! ನಮ್ಮ ಗುಣಗ್ರಹಣಶಕ್ತಿಯು ಸಮುದ್ರವನ್ನು ದಾಟಿಯೇ ಬರಬೇಕು.

ಶಾಸ್ತ್ರೀಯವಾದ ಅಧ್ಯಯನವನ್ನು ಮೊದಲು ಮಾಡಿದವರಲ್ಲಿ ನಮ್ಮ ಕನ್ನಡಿಗರಾದ ಟಿ. ಸಿ. ಪಾಲಾಕ್ಷಪ್ಪನವರನ್ನು ಸ್ಮರಿಸಬೇಕು, ಉತ್ತರ ಕನ್ನಡದ ಸಿದ್ದಿಗಳ ಮೇಲೆ ಅವರು ಬರೆದ ಇಂಗ್ಲಿಷ್ ಗ್ರಂಥವು 1976ರಲ್ಲಿ ಹೊರಬಿದ್ದಿತು. ಇಷ್ಟು ಹತ್ತಿರದ ಜನರ ವಿಷಯದಲ್ಲಿ ನಾವು ಅಷ್ಟು ತಡಮಾಡಿದೆವು.

ಮಹನೀಯರೇ, ಇನ್ನು ಮುಂದಿನ ಮಾತು ಕಹಿಯಾದುದು. ಗೋವೆಯ ಪೋರ್ತುಗೀಜರನ್ನು ಬೈದು ಕುಳಿತುಕೊಂಡರೆ ನಮ್ಮ ಕೆಲಸವು ಸುಲಭ. ಆದರೆ ಘಟ್ಟವನ್ನು ಹತ್ತಿ ಬಂದ ಸಿದ್ದಿಗೆ ಇಲ್ಲಿ ದೊರೆತುದೇನು? ಕಾಡಿನಲ್ಲಿ ಕುಮರಿ ಕಡಿದು ರಾಗಿ ಬಿತ್ತಿಕೊಂಡಿದ್ದವನಿಗೆ ಸರಕಾರದ ಕಾಡಿನ ಕಾಯಿದೆಗಳು (1878, 1927) ಆ ದಾರಿಯನ್ನು ಮುಚ್ಚಿದವು. ಉಳಿದುದು ಅಡಿಕೆ ತೋಟದ ಕೆಲಸ. ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಸೊಪ್ಪು ಬೇಕು. ಸೊಪ್ಪಿನ ಬೆಟ್ಟದ ಹಕ್ಕು ತೋಟದ ಒಡೆಯನದು. ಮರ ಹತ್ತಿ ಸೊಪ್ಪು ಕಡಿದು ಹೊರೆಹೊತ್ತು ತರುವ ಮೈ ಸಿದ್ದಿಯದು. ಮದುವೆಗೆಂದು ತಂದ ನೂರಿನ್ನೂರು ರೂಪಾಯಿಯ ಸಾಲಕ್ಕೆ ಮಗನೂ ಮೊಮ್ಮಗನೂ ದುಡಿದ ಉದಾಹರಣೆಗಳುಂಟು. ಜೀತವನ್ನು ರದ್ದುಮಾಡುವ ಕಾಯಿದೆ ಬಂದುದು 1976ರಲ್ಲಿ.

ನಮ್ಮ ಸೀಮೆಯವರು ಇದನ್ನು ಕೇಳಿ, ಇದು ಘಟ್ಟದ ಆ ಕಡೆಯ ಕಥೆಯೆಂದು ಹೆಗಲು ಕೊಡವಬಾರದು. ಮಲೆನಾಡಿನ ಹಳೆಯ ವರದಿಗಳನ್ನು ತೆರೆದು ನೋಡಿರಿ. ಹುಟ್ಟಾಳು, ಮಣ್ಣಾಳು ಎಂಬ ಎರಡು ಶಬ್ದಗಳು ಕಾಣುವುವು. ಹುಟ್ಟಾಳೆಂದರೆ ಮನೆತನಕ್ಕೆ ಅಂಟಿದ ಆಳು. ಮಣ್ಣಾಳೆಂದರೆ ಮಣ್ಣಿಗೆ ಅಂಟಿದ ಆಳು. 1801ರಲ್ಲಿ ಯಲ್ಲಾಪುರ, ಸೋದೆ, ಶಿರಸಿ, ಬನವಾಸಿಗಳ ಮಾರ್ಗವಾಗಿ ಇಕ್ಕೇರಿ, ಸಾಗರ, ಬಿದನೂರುಗಳಿಗೆ ಬಂದ ಬುಕಾನನ್ ಸಾಹೇಬನು ಕನ್ನಡ ಸೀಮೆಯಲ್ಲಿ ಗುಲಾಮರಿದ್ದುದನ್ನು ಬರೆದಿಟ್ಟಿದ್ದಾನೆ. ಈ ಶಬ್ದಗಳನ್ನು ಯಾವ ಪೋರ್ತುಗೀಜನೂ ನಮಗೆ ಕಲಿಸಲಿಲ್ಲ. ಅಚ್ಚ ಕನ್ನಡ ಶಬ್ದಗಳವು. ಓಡಿಬಂದ ಸಿದ್ದಿಗೆ ಹೊಸ ಒಡೆಯನು ಸಿಕ್ಕಿದುದು ಈ ಏರ್ಪಾಡು ಇಲ್ಲಿ ಮೊದಲೇ ಸಿದ್ಧವಾಗಿದ್ದುದರಿಂದ.

ಈ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹವನ್ನು ತಮ್ಮಲ್ಲಿ ಎಲ್ಲರೂ ಬಲ್ಲಿರಿ. ಗೇಣಿದಾರರು ಕೊಳಗದ ಅಳತೆಯ ಮೇಲೆ ಎದ್ದುನಿಂತರು. ಲೋಹಿಯಾರವರು ಇಲ್ಲಿಗೆ ಬಂದು ದಸ್ತಗಿರಿಯಾದರು. ತೀರ್ಥಹಳ್ಳಿಯ ಶಾಂತವೇರಿ ಗೋಪಾಲಗೌಡರ ಹೆಸರು ನಾಡಿಗೆಲ್ಲ ಗೊತ್ತಾಯಿತು. 1974ರಲ್ಲಿ ಉಳುವವನೇ ಒಡೆಯನೆಂಬ ಕಾಯಿದೆಯು ಬಲಗೊಂಡಾಗ ಅದರ ಹಿಂದೆ ಕಾಗೋಡಿನ ನೆನಪಿದ್ದಿತು. ಆದರೆ ಗೇಣಿಯ ಜಗಳವಾಡಬೇಕಾದರೆ ಮೊದಲು ಗೇಣಿಯಿರಬೇಕು. ಕೂಲಿಯವನಿಗೆ ಅಳತೆಯೂ ಇಲ್ಲ, ಕೊಳಗವೂ ಇಲ್ಲ, ಪಹಣಿಯಲ್ಲಿ ಹೆಸರೂ ಇಲ್ಲ. ಆದುದರಿಂದ ಆ ದೊಡ್ಡ ಕಾಯಿದೆಯ ಹೊನಲು ಬಹುಮಂದಿ ಸಿದ್ದಿಗಳ ಮನೆಯ ಮುಂದೆ ಹರಿದುಹೋಯಿತೇ ಹೊರತು ಒಳಗೆ ಬರಲಿಲ್ಲ.

ಸರಕಾರದ ಕಣ್ಣಿಗೆ ಅವರು ಬಿದ್ದ ಬಗೆಯೂ ವಿಚಿತ್ರ. 1980ರ ದಶಕದ ಕೊನೆಯಲ್ಲಿ ಕೇಂದ್ರದ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ಓಟ ನೆಗೆತಗಳಲ್ಲಿ ತರಬೇತು ಕೊಡತೊಡಗಿತು. ಮಕ್ಕಳು ಪದಕಗಳನ್ನೂ ತಂದರು. ಕೆಲವೇ ವರುಷಗಳಲ್ಲಿ ಯೋಜನೆ ನಿಂತುಹೋಯಿತು, ಮಕ್ಕಳು ಊರಿಗೆ ಮರಳಿದರು. ಆಟದಲ್ಲಿ ನಮಗೆ ಆಕ್ಷೇಪಣೆಯಿಲ್ಲ. ಆದರೆ ಮೊದಲು ತೊಡೆಯ ಬಲವನ್ನು ನೋಡಿ ಆಮೇಲೆ ಮನುಷ್ಯನನ್ನು ನೋಡುವುದು ಗುಲಾಮರ ಪೇಟೆಯ ಅಭ್ಯಾಸವೆಂಬ ಕಟುವಾದ ಯೋಚನೆಯು ನಮಗೆ ಬಂದುದನ್ನು ಮುಚ್ಚಿಡುವುದಿಲ್ಲ.

ಇದಕ್ಕೆ ಪ್ರತಿಯಾಗಿ ನಮ್ಮ ತಾಲೂಕು ಹೆಮ್ಮೆಪಡಬಹುದಾದ ಒಂದು ಮಾತೂ ಇದೆ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಯ ಬಳಗದ ಚಿದಂಬರರಾವ್ ಜಂಬೆಯವರು ಮಂಚಿಕೇರಿಯ ಸಿದ್ದಿಗಳಿಂದಲೇ ನಾಟಕವಾಡಿಸಿದರು. ಆರಿಸಿದ ಕಥೆ ಯಾವುದು ಬಲ್ಲಿರಾ? ನೈಜೀರಿಯದ ಚಿನುವ ಅಚಿಬೆಯ ಪ್ರಸಿದ್ಧ ಕಾದಂಬರಿ. ಆಫ್ರಿಕದ ಹಳ್ಳಿಯೊಂದು ಬಿಳಿಯರ ಕೈಗೆ ಸಿಕ್ಕಿ ಒಡೆದುಹೋದ ಕಥೆಯನ್ನು, ಆಫ್ರಿಕದಿಂದ ಬಂದವರ ಮಕ್ಕಳು ಕನ್ನಡದಲ್ಲಿ ಆಡಿದರು. ಮುಂದೆ ಹೆಗ್ಗೋಡಿನಲ್ಲಿ ಕಲಿತ ಪ್ರಶಾಂತ ಸಿದ್ದಿ, ಗಿರಿಜಾ ಸಿದ್ದಿ ಮೊದಲಾದವರು ರಂಗದಲ್ಲಿಯೂ ಚಿತ್ರಪಟದಲ್ಲಿಯೂ ಹೆಸರು ಗಳಿಸಿದರು. 2020ರಲ್ಲಿ ಶಾಂತಾರಾಮ ಬುಡ್ನಾ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣ ಹೊಂದಿ, ಶಾಸನಸಭೆಯನ್ನು ಪ್ರವೇಶಿಸಿದ ಮೊದಲನೆಯ ಸಿದ್ದಿಯಾದರು.

ಈಗ ನಮ್ಮ ಬಾಗಿಲಿಗೆ ಬಂದ ತರುಣನ ಮೊಕದ್ದಮೆಗೆ ಬರೋಣ. ಕನ್ನಡ ನಾಡು ಹರಿದು ಹಂಚಿಹೋಗಿದ್ದುದರ ಫಲವನ್ನು ನಾವು ದೊಡ್ಡ ಮಾತುಗಳಲ್ಲಿ ಹೇಳುತ್ತಿದ್ದೆವು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದರು, ಸಾಗರವು ಮೈಸೂರಿನಲ್ಲಿದ್ದಿತು, ಗೋವೆಯು 1961ರ ವರೆಗೂ ಪೋರ್ತುಗೀಜರ ವಶದಲ್ಲಿದ್ದಿತು. ಒಂದೇ ಘಟ್ಟದ ಜನರಿಗೆ ಮೂರು ಸರಕಾರ. 1956ರ ನವೆಂಬರ್ 1ರಂದು ನಮ್ಮ ಏಕೀಕರಣವಾಯಿತು. ಸಿದ್ದಾಪುರಕ್ಕೂ ಸಾಗರಕ್ಕೂ ನಡುವಿನ ಸುಂಕದ ಕಟ್ಟೆ ಹೋಯಿತು. ಆದರೆ ಸಿದ್ದಿಗಳ ಪಾಲಿಗೆ ಗಡಿಗಳು ಅಳಿಯಲಿಲ್ಲ.

ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಕರ್ನಾಟಕದ ಸಿದ್ದಿಗಳು ಸೇರಿದುದು 2003ರಲ್ಲಿ. ಅದೂ ಉತ್ತರ ಕನ್ನಡ ಜಿಲ್ಲೆಯಲ್ಲಿರುವವರು ಮಾತ್ರ. ಸ್ವಾತಂತ್ರ್ಯ ಬಂದು ಐವತ್ತೈದು ವರುಷ ಕಳೆದ ಮೇಲೆ! ಯಲ್ಲಾಪುರದ ಅಣ್ಣನು ಪಟ್ಟಿಯಲ್ಲಿದ್ದರೆ ಕಲಘಟಗಿಯ ತಮ್ಮನು ಹೊರಗೆ. ಇದು ಬರಿಯ ಶಾಲೆಯ ಫೀಸಿನ ಮಾತಲ್ಲ. 2006ರ ಅರಣ್ಯ ಹಕ್ಕುಗಳ ಕಾಯಿದೆಯಲ್ಲಿ ಪಂಗಡದವನು 2005ರ ಡಿಸೆಂಬರ್ 13ಕ್ಕಿಂತ ಮೊದಲು ಕಾಡಿನ ನೆಲವನ್ನು ಸಾಗುಮಾಡುತ್ತಿದ್ದನೆಂದು ತೋರಿಸಿದರೆ ಸಾಕು. ಪಟ್ಟಿಯ ಹೊರಗಿನವನು ಮೂರು ತಲೆಮಾರು, ಅಂದರೆ 75 ವರುಷಗಳ ವಾಸವನ್ನು ರುಜುವಾತುಪಡಿಸಬೇಕು. ಓಡಿಬಂದವರ ಮೊಮ್ಮಕ್ಕಳ ಬಳಿ 75 ವರುಷಗಳ ಕಾಗದವೆಲ್ಲಿಂದ ಬರಬೇಕು? ಕಾಗದವಾಗದೆ ಉಳಿಯುವುದೇ ಅವರ ಹಿರಿಯರಿಗೆ ರಕ್ಷಣೆಯಾಗಿದ್ದಿತು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳನ್ನು ಪಾರ್ಲಿಮೆಂಟು 2020ರಲ್ಲಿ ಪಟ್ಟಿಗೆ ಸೇರಿಸಿತು. ಈ ವಿಷಯದಲ್ಲಿ ಮತದ ಅಡ್ಡಿಯಿಲ್ಲ. ಪಂಗಡವೆಂಬುದಕ್ಕೆ ಹಿಂದು, ಕ್ರೈಸ್ತ, ಮುಸಲ್ಮಾನರೆಂಬ ಭೇದವನ್ನು ಸಂವಿಧಾನವು ಮಾಡಿಲ್ಲ. ಅಡ್ಡಿಯಿರುವುದು ಜಿಲ್ಲೆಯ ಗೆರೆಯದು.

ನಮ್ಮ ತರುಣನ ಅಜ್ಜನು ಅಡಿಕೆಯ ಕೊಯಿಲಿಗೆಂದು ಘಟ್ಟದ ಸಾಲಿನಲ್ಲಿ ತೆಂಕಣಕ್ಕೆ ನಡೆಯುತ್ತ ನಡೆಯುತ್ತ ಶಿವಮೊಗ್ಗ ಜಿಲ್ಲೆಯೊಳಕ್ಕೆ ಬಂದು ನಿಂತನು. ಅವನಿಗೆ ಗೆರೆಯೇನು ಕಂಡೀತು? ಅದೇ ಮಳೆ, ಅದೇ ಮರ, ಅದೇ ತೋಟ. ತಂದೆಯು ಇಲ್ಲಿಯೇ ಹುಟ್ಟಿದನು, ಮಗನೂ ಇಲ್ಲಿಯೇ. ಪಟ್ಟಿಯಲ್ಲಿ ಶಿವಮೊಗ್ಗದ ಹೆಸರಿಲ್ಲ. ಕಾಯಿದೆಯ ಅಕ್ಷರವನ್ನು ನೋಡಿದರೆ ದಾಖಲೆ ಕೊಡದ ಅಧಿಕಾರಿಯದು ತಪ್ಪೆಂದು ವಾದಿಸುವುದು ಕಷ್ಟ. ಪಟ್ಟಿಗೆ ಒಂದು ಶಬ್ದವನ್ನು ಸೇರಿಸುವ ಅಧಿಕಾರವು ನ್ಯಾಯಾಲಯಕ್ಕೂ ಇಲ್ಲ, ಪಾರ್ಲಿಮೆಂಟಿಗೆ ಮಾತ್ರ. ಇದನ್ನು ಹುಡುಗನಿಗೆ ವಿವರಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾವು ಶರಾವತಿ ದಾಟಿದರೆ ಸಿದ್ದಿಗಳಲ್ಲವೇ?" ಎಂದನು. ಅವನ ತಂದೆಯು ಆಗ ಮೊದಲನೆಯ ಸಲ ಬಾಯಿತೆರೆದು, "ಗುಡ್ಡ ಇಳಿದು ಮನೆಗೆ ಹೋಗುವ ಹೊತ್ತಾಯಿತು," ಎಂದು ಎದ್ದನು.

ಆ ಹುಡುಗನ ಸಲುವಾಗಿ ಒಂದು ಮನವಿಯನ್ನು ಸಿದ್ಧಪಡಿಸಿದ್ದೇವೆ. ಜಿಲ್ಲೆಯ ಗೆರೆಯನ್ನು ತೆಗೆದು, ಕರ್ನಾಟಕದಲ್ಲಿ ಎಲ್ಲಿ ವಾಸಿಸಿದರೂ ಸಿದ್ದಿಯನ್ನು ಸಿದ್ದಿಯೆಂದು ಮನ್ನಿಸಬೇಕೆಂಬುದು ಅದರ ಪ್ರಾರ್ಥನೆ. ಅನೇಕ ಪಂಗಡಗಳಿಗಿದ್ದ ಇಂಥ ಸ್ಥಳನಿರ್ಬಂಧವನ್ನು 1976ರ ತಿದ್ದುಪಡಿಯು ಕಿತ್ತುಹಾಕಿರುವುದರಿಂದ ಇದು ಹೊಸ ಬೇಡಿಕೆಯೂ ಅಲ್ಲ. ಉಪಾಧ್ಯಾಯರಲ್ಲಿ ನಮ್ಮ ವಿಶೇಷ ಬಿನ್ನಹವೇನೆಂದರೆ, ತಮ್ಮ ಶಾಲೆಯಲ್ಲಿ ಸಿದ್ದಿಗಳ ಮಕ್ಕಳಿದ್ದರೆ ದಾಖಲೆಯ ಪುಸ್ತಕದಲ್ಲಿ ಜಾತಿಯ ಕಲಮಿನ ಎದುರು ಸಿದ್ದಿ ಎಂದು ಸ್ಪಷ್ಟವಾಗಿ ಬರೆಯಿರಿ. ಇತರರು ಎಂದಾಗಲಿ ಮತದ ಹೆಸರನ್ನಾಗಲಿ ಬರೆದು ಮುಗಿಸಬೇಡಿರಿ. ಇಪ್ಪತ್ತು ವರುಷಗಳ ಮೇಲೆ ಆ ಒಂದು ಸಾಲೇ ಅವನ ಸಾಕ್ಷಿಯಾಗುವುದು. ಮನವಿಯ ಪ್ರತಿಯು ಬಾಗಿಲ ಬಳಿಯ ಮೇಜಿನ ಮೇಲಿದೆ. ಓದಿ, ಒಪ್ಪಿಗೆಯಾದವರು ಹೆಸರನ್ನೂ ಊರನ್ನೂ ಬರೆದು ರುಜು ಹಾಕಬೇಕೆಂದು ಕೇಳಿಕೊಳ್ಳುತ್ತೇವೆ.